ಹನ್ನಾ ಸೆನೆಶ್ ಮತ್ತು ಆಕೆಯ ತಾಯಿ

ಹನ್ನಾ ಸೆನೆಶ್ ಎಂಬ ಯುವತಿಯ ದಿನಚರಿಯನ್ನು ನಾವು ಆಗಾಗ ತೆಗೆದು ಓದುವುದುಂಟು. 1944ರಲ್ಲಿ, ಕೇವಲ 23ನೆಯ ವಯಸ್ಸಿನಲ್ಲಿ, ಸೈನಿಕಸೇವೆಯಲ್ಲಿದ್ದಾಗಲೇ ಆಕೆ ಗುಂಡಿಗೆ ಬಲಿಯಾದಳು. ಲೋಕವು ಆಕೆಯನ್ನು ವೀರಾಂಗನೆಯೆಂದು ಕೊಂಡಾಡುತ್ತದೆ. ಅದು ಸರಿಯೇ. ಆದರೆ ನಮ್ಮ ಮನಸ್ಸು ಹೋಗಿ ನಿಲ್ಲುವುದು ಆಕೆಯ ತಾಯಿಯ ಬಳಿ.

ಹನ್ನಾ ಹುಟ್ಟಿದ್ದು 1921ರಲ್ಲಿ, ಹಂಗೇರಿಯ ಬುಡಾಪೆಸ್ಟ್ ನಗರದ ಯಹೂದಿ ಮನೆತನವೊಂದರಲ್ಲಿ. ನಾಟಕಕಾರರಾಗಿದ್ದ ತಂದೆ ಬೇಲಾ 1927ರಲ್ಲಿ ತೀರಿಕೊಂಡರು. ತಾಯಿ ಕ್ಯಾಟಲಿನ್ ಇಬ್ಬರು ಮಕ್ಕಳನ್ನು ಸಾಕಿ ಬೆಳೆಸಿದರು. ಶಾಲೆಯ ಸಾಹಿತ್ಯ ಸಂಘದ ಹುದ್ದೆಗೆ ಚುನಾಯಿತಳಾದರೂ ಯಹೂದಿಯೆಂಬ ಕಾರಣಕ್ಕೆ ಅದು ಹನ್ನಾಳಿಗೆ ದಕ್ಕಲಿಲ್ಲ. 1939ರಲ್ಲಿ ಆಕೆ ಪ್ಯಾಲೆಸ್ಟೈನಿಗೆ ತೆರಳಿ ನಹಲಾಲಿನ ಕೃಷಿಶಾಲೆಯಲ್ಲಿ ಕಲಿತು, 1941ರಲ್ಲಿ ಸ್ದೋತ್ ಯಾಮ್ ಎಂಬ ಕಿಬ್ಬುತ್ಜ್ ಸೇರಿದಳು. ಆ ಕಾಲದ ಕಿಬ್ಬುತ್ಜ್ ಎಂದರೆ ದುಡಿಮೆಯನ್ನೂ ಗಳಿಕೆಯನ್ನೂ ಎಲ್ಲರೂ ಹಂಚಿಕೊಳ್ಳುತ್ತಿದ್ದ, ಒಂದೇ ಭೋಜನಶಾಲೆಯಲ್ಲಿ ಕೂಡಿ ಉಣ್ಣುತ್ತಿದ್ದ ಗ್ರಾಮ. ಅಲ್ಲಿ ಆಕೆಯ ಪಾಲಿಗೆ ಬಂದದ್ದು ಅಡಿಗೆಮನೆ ಮತ್ತು ಬಟ್ಟೆ ಒಗೆಯುವ ಕೆಲಸ. ದಿನಗಳು ವ್ಯರ್ಥವಾಗುತ್ತಿವೆಯೆಂಬ ಬೇಸರವನ್ನು ಆಕೆ ದಿನಚರಿಯಲ್ಲಿ ಮರೆಮಾಚಿಲ್ಲ. ಪಂಕ್ತಿಭೋಜನದಲ್ಲಿ ಬೆಳೆದ ನಮಗೆ ಈ ಪ್ರಾಮಾಣಿಕತೆ ಬಹಳ ಹಿಡಿಸುತ್ತದೆ. ಪಾತ್ರೆ ತಿಕ್ಕುವ ಕೈಗಳಿಗೂ ದಣಿವುಂಟಷ್ಟೆ!

1943ರಲ್ಲಿ ಆಕೆ ಬ್ರಿಟಿಷ್ ವಾಯುಪಡೆಯ ಮಹಿಳಾ ದಳಕ್ಕೆ ಸೇರಿದಳು. 1944ರ ಮಾರ್ಚಿಯಲ್ಲಿ ಪ್ಯಾರಾಚೂಟಿನಿಂದ ಯುಗೋಸ್ಲಾವಿಯಾದಲ್ಲಿ ಇಳಿದಳು. ಅದೇ ತಿಂಗಳು ಜರ್ಮನಿಯು ಹಂಗೇರಿಯನ್ನು ಆಕ್ರಮಿಸಿತು. ಮೇ ತಿಂಗಳಿನಿಂದ ಅಲ್ಲಿಯ ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಆಶ್‌ವಿಟ್ಜ್‌ಗೆ ಸಾಗಿಸತೊಡಗಿದರು. ಜೂನ್‌ನಲ್ಲಿ ಗಡಿ ದಾಟಿದ ಹನ್ನಾ ಸೆರೆಸಿಕ್ಕಳು. ಆಕೆಯ ರೇಡಿಯೋ ಸಂಕೇತ ದೊರೆತರೆ ಮಿತ್ರಸೈನ್ಯವನ್ನು ವಂಚಿಸಬಹುದೆಂದು ಅಧಿಕಾರಿಗಳು ಚಿತ್ರಹಿಂಸೆ ಕೊಟ್ಟರು. ಆಕೆ ಬಾಯಿಬಿಡಲಿಲ್ಲ.

ಆಗ ತಾಯಿಯನ್ನು ಕರೆತಂದರು. ಮಗಳು ದೂರದ ಕಿಬ್ಬುತ್ಜಿನಲ್ಲಿ ಸುಖವಾಗಿದ್ದಾಳೆಂದು ನಂಬಿದ್ದ ಆ ತಾಯಿಯ ಎದುರು, ಪೆಟ್ಟಿನಿಂದ ಮುಖ ಬಾತು ಹಲ್ಲು ಮುರಿದಿದ್ದ ಹನ್ನಾಳನ್ನು ನಿಲ್ಲಿಸಿದರು. ಮಗಳು ಕ್ಷಮೆ ಬೇಡಿದಳು. ಸಂಕೇತವನ್ನು ಮಾತ್ರ ಹೇಳಲಿಲ್ಲ. ತಾಯಿಯ ಪ್ರಾಣವನ್ನೇ ಪಣಕ್ಕಿಟ್ಟ ಈ ಮೌನವನ್ನು ಕಾಠಿಣ್ಯವೆನ್ನಬಹುದೇ? ನಮಗೆ ಹಾಗೆ ತೋರದು. ಹೇಳಿದ್ದರೆ ಬೇರೆ ಎಷ್ಟೋ ತಾಯಂದಿರ ಮಕ್ಕಳು ಸಾಯುತ್ತಿದ್ದರೆಂಬುದು ಆಕೆಗೆ ತಿಳಿದಿತ್ತು. ಆದರೂ ಆ ಕ್ಷಣವನ್ನು ಓದುವಾಗಲೆಲ್ಲ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಬಿಡುತ್ತೇವೆ.

ತಾಯಿಯೂ ಕೆಲಕಾಲ ಅದೇ ಸೆರೆಮನೆಯಲ್ಲಿದ್ದರು. ಹನ್ನಾ ಕಾಗದದಲ್ಲಿ ದೊಡ್ಡ ಅಕ್ಷರಗಳನ್ನು ಕತ್ತರಿಸಿ, ಕಿಟಕಿಯಲ್ಲಿ ಒಂದೊಂದಾಗಿ ಹಿಡಿದು ಇತರ ಕೈದಿಗಳೊಡನೆ ಮಾತಾಡುತ್ತಿದ್ದಳು. ಸೆಪ್ಟೆಂಬರಿನಲ್ಲಿ ತಾಯಿಗೆ ಬಿಡುಗಡೆಯಾಯಿತು. ನವೆಂಬರ್ 7ರಂದು ಮಗಳನ್ನು ಕಾಣಲು ಅನುಮತಿ ಕೇಳಹೋದ ಅವರಿಗೆ, ಶಿಕ್ಷೆ ಆಗಲೇ ಜಾರಿಯಾಯಿತೆಂಬ ಉತ್ತರ ಸಿಕ್ಕಿತು. ಮಗಳ ಉಡುಪಿನ ಜೇಬಿನಲ್ಲಿ ತಾಯಿಗೆಂದೇ ಬರೆದ ಪುಟ್ಟ ಚೀಟಿಯೊಂದು ಉಳಿದಿತ್ತು.

1950ರಲ್ಲಿ ಹನ್ನಾಳ ಅಸ್ಥಿಗಳನ್ನು ಜೆರೂಸಲೇಮಿನ ಹರ್ಜ್ಲ್ ಬೆಟ್ಟಕ್ಕೆ ತಂದರು. ಹಂಗೇರಿಯ ಸೈನಿಕ ನ್ಯಾಯಾಲಯವು ಆಕೆಯನ್ನು ನಿರ್ದೋಷಿಯೆಂದು ಸಾರಿದ್ದು 1993ರಲ್ಲಿ. ತಾಯಿ ಕ್ಯಾಟಲಿನ್ ಅದಕ್ಕೆ ಒಂದು ವರ್ಷ ಮೊದಲೇ ಕಣ್ಮುಚ್ಚಿದ್ದರು.