ಒಬ್ಬರಿಗೆ ಒಂದು ತಟ್ಟೆ

ಪ್ರವಾಸ ಮುಗಿಸಿ ಬಂದವರಿಗಾಗಿ ನಮ್ಮಲ್ಲಿ ಎರಡು ಪ್ರಶ್ನೆಗಳು ಕಾದಿರುತ್ತವೆ. ಒಂದು, ‘ಏನೇನು ನೋಡಿದಿರಿ?’ ಇನ್ನೊಂದು, ‘ಊಟಕ್ಕೇನು ಮಾಡಿದಿರಿ?’ ಮೊದಲನೆಯದರಲ್ಲಿ ಕುತೂಹಲವಿದ್ದರೆ ಎರಡನೆಯದರಲ್ಲಿ ಸಂತಾಪವೇ ಹೆಚ್ಚು. ಸಸ್ಯಾಹಾರಿಗಳು ಪೂರ್ವದೇಶಗಳಿಗೆ ಹೋದರೆಂದರೆ ಮುಗಿಯಿತು, ಅವಲಕ್ಕಿ ಮೊಸರಿನಲ್ಲಿ ಎಂಟು ದಿನ ದೂಡಿ ಬಂದ ತಪಸ್ವಿಗಳಂತೆ ನಮ್ಮನ್ನು ನೋಡುತ್ತಾರೆ. ಅದಕ್ಕಾಗಿಯೇ ಅಡುಗೆಯವರನ್ನೂ ಪಾತ್ರೆಗಳನ್ನೂ ಜೊತೆಗೆ ಸಾಗಿಸುವ ಪ್ರವಾಸ ಕಂಪನಿಗಳು ಹುಟ್ಟಿಕೊಂಡಿವೆ. ಜಗತ್ತಿನ ಯಾವ ಮೂಲೆಗೆ ಹೋದರೂ ಮಧ್ಯಾಹ್ನ ಒಂದು ಗಂಟೆಗೆ ಸಾರು ಅನ್ನ ತಪ್ಪುವುದಿಲ್ಲ ಎಂಬುದೇ ಅವರ ಜಾಹೀರಾತು.

ಕಳೆದ ವರ್ಷ ನಾನು ಮತ್ತು ನನ್ನ ಅಕ್ಕ ಪೆನಾಂಗಿಗೆ ಹೊರಟಾಗ ಅವಳ ಪೆಟ್ಟಿಗೆಯಲ್ಲಿ ಸೀರೆಗಿಂತ ಡಬ್ಬಿಗಳೇ ಹೆಚ್ಚಿದ್ದವು. ಗಟ್ಟಿ ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ನನ್ನ ಮಗಳು ಆ ದ್ವೀಪದ ದಕ್ಷಿಣ ಭಾಗದ ಬಯಾನ್ ಲೆಪಾಸ್‌ನಲ್ಲಿ ಕೆಲಸದಲ್ಲಿದ್ದಾಳೆ. 1970ರ ದಶಕದಿಂದ ಅಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಬೆಳೆದಿವೆ. ‘ಅಮ್ಮ, ಬರುವುದಾದರೆ ದೊಡ್ಡಮ್ಮನನ್ನು ಕರೆದುಕೊಂಡೇ ಬಾ’ ಎಂಬುದು ಅವಳ ಷರತ್ತು. ಅದಕ್ಕೆ ಕಾರಣವೂ ಇತ್ತು.

ಸಾಗರದ ಹತ್ತಿರದ ತೋಟದ ಮನೆಗೆ ಸೊಸೆಯಾಗಿ ಹೋದಾಗ ಅಕ್ಕನಿಗೆ ಇಪ್ಪತ್ತು ವರ್ಷ. ದಿನಕ್ಕೆ ಇಪ್ಪತ್ತು ಎಲೆ ಬೀಳುತ್ತಿದ್ದ ಮನೆ ಅದು. ಅಡಿಕೆ ಕೊಯ್ಲಿನ ಕಾಲದಲ್ಲಿ ನಲವತ್ತಾಗುತ್ತಿತ್ತು. ಗಂಡಸರದಾದ ಮೇಲೆ ಮಕ್ಕಳು, ಆಮೇಲೆ ನೆಂಟರು, ಕೊನೆಗೆ ಉಳಿದಿದ್ದರೆ ತಾನು. ಹೀಗೆ ನಲವತ್ತೆಂಟು ವರ್ಷ ಕಳೆದವು. ಮನೆ ಒಡೆದು ಪಾಲಾಯಿತು, ಮಗ ಬೆಂಗಳೂರು ಸೇರಿದ, ಎರಡು ವರ್ಷದ ಹಿಂದೆ ಭಾವನೂ ಹೋದರು. ಅಂದಿನಿಂದ ಅಕ್ಕ ಅಡುಗೆ ಮಾಡುವುದನ್ನೇ ಬಿಟ್ಟಳು ಎನ್ನಬೇಕು. ಬೆಳಿಗ್ಗೆ ಮಾಡಿದ ಅನ್ನ, ಮಜ್ಜಿಗೆ, ಒಂದು ಮಿಡಿ. ರಾತ್ರಿಗೂ ಅದೇ. ಕೇಳಿದರೆ, ‘ಒಬ್ಬಳಿಗಾಗಿ ಏನು ಒಲೆ ಹೊತ್ತಿಸುವುದು ಮಾರಾಯ್ತಿ?’ ಎನ್ನುತ್ತಿದ್ದಳು. ರವಿಕೆಗಳೆಲ್ಲ ಸಡಿಲವಾದವು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ‘ಕಾಯಿಲೆ ಏನೂ ಇಲ್ಲ, ಸರಿಯಾಗಿ ಊಟ ಮಾಡಿ’ ಎಂದರು. ಅದು ಗುಳಿಗೆ ನುಂಗಿದಷ್ಟು ಸುಲಭದ ಮಾತಾಗಿರಲಿಲ್ಲ.

ಪೆನಾಂಗಿನ ಮುಖ್ಯ ನಗರ ಜಾರ್ಜ್‌ಟೌನ್. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಫ್ರಾನ್ಸಿಸ್ ಲೈಟ್ ಎಂಬವನು ಕಟ್ಟಲು ಶುರುಮಾಡಿದ ಬಂದರು ಪಟ್ಟಣ. 2008ರಲ್ಲಿ ಮಲಾಕಾ ನಗರದ ಜೊತೆ ಇದೂ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಳೆಯ ಊರು ಕಾಲ್ನಡಿಗೆಯಲ್ಲೇ ನೋಡುವಷ್ಟು ಪುಟ್ಟದು. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಸಾಲು ಕಟ್ಟಡಗಳ ಮುಂದೆ ಉದ್ದಕ್ಕೂ ಜಗಲಿಯಂಥ ನೆರಳಿನ ದಾರಿಯಿದೆ. ಮಗಳು ಕಚೇರಿಗೆ ಹೋದ ಮೇಲೆ ನಾವಿಬ್ಬರೂ ದಿನಕ್ಕೆ ಒಂದೇ ಒಂದು ಜಾಗ ನೋಡುವುದೆಂದು ನಿಯಮ ಮಾಡಿಕೊಂಡೆವು. ಉಳಿದ ಹೊತ್ತೆಲ್ಲ ನೆರಳು ಹುಡುಕಿ ಕೂರುವುದು.

ಮೊದಲ ದಿನ ಸಮುದ್ರದಂಡೆಯ ಕಾರ್ನ್‌ವಾಲಿಸ್ ಕೋಟೆ. ಹೆಸರು ಎಲ್ಲೋ ಕೇಳಿದಂತಿದೆಯಲ್ಲ? 1791ರಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಅದೇ ಗವರ್ನರ್ ಜನರಲ್. ಎದುರಿನ ದಡದ ಪ್ರದೇಶಕ್ಕೆ ಆಂಗ್ಲರು ಇಟ್ಟಿದ್ದ ಹೆಸರು ವೆಲ್ಲೆಸ್ಲಿ ಪ್ರಾಂತ. 1799ರಲ್ಲಿ ಟಿಪ್ಪು ಮಡಿದಾಗ ಗವರ್ನರ್ ಜನರಲ್ ಆಗಿದ್ದವನ ಹೆಸರು. ನಮ್ಮ ನಾಡನ್ನು ಗೆದ್ದವರು ಇಲ್ಲಿ ಸಮುದ್ರದ ಆಚೆ ಈಚೆ ಎದುರುಬದುರಾಗಿ ಕುಳಿತಿದ್ದರು. ಕೋಟೆ ಮಾತ್ರ ಒಂದು ಯುದ್ಧವನ್ನೂ ಕಂಡಿಲ್ಲ. ನಾನು ಇದನ್ನೆಲ್ಲ ಮೇಷ್ಟರಗಿತ್ತಿಯಂತೆ ವಿವರಿಸುತ್ತಿದ್ದರೆ ಅಕ್ಕ ಪಕ್ಕದ ಬೆಂಚಿನವರ ಕೈಯಲ್ಲಿದ್ದ ಹಸಿರು ಪಾನಕವನ್ನೇ ನೋಡುತ್ತಿದ್ದಳು. ಪ್ಲಾಸ್ಟಿಕ್ ಚೀಲದಲ್ಲಿ ಪಾನಕ ತುಂಬಿ, ಬಾಯಿಗೆ ದಾರ ಕಟ್ಟಿ, ಒಂದು ಕೊಳವೆ ಸಿಕ್ಕಿಸಿ ಕೊಡುತ್ತಾರೆ. ಅದು ಅಂಬ್ರಾ ಹಣ್ಣಿನ ರಸ. ಗುಟುಕು ಕುಡಿದ ಅಕ್ಕ, ‘ಇದು ನಮ್ಮ ಅಮಟೆಕಾಯಿಯ ಒಡಹುಟ್ಟು’ ಎಂದು ತೀರ್ಪು ಕೊಟ್ಟಳು. ಅವಳ ತೀರ್ಪು ಸರಿಯೇ, ಎರಡೂ ಒಂದೇ ಕುಲದ ಮರಗಳು. ಮಾರನೆಯ ದಿನ ಜಾಯಿಕಾಯಿಯ ರಸ ಸಿಕ್ಕಿತು. ನಾವು ಜಾಯಿಕಾಯಿಯ ಸಿಪ್ಪೆಯನ್ನು ಉಪ್ಪಿನಕಾಯಿಗೆ ಹಾಕುತ್ತೇವೆ, ಇವರು ಅದನ್ನೇ ಪಾನಕ ಮಾಡಿ ಕುಡಿಯುತ್ತಾರೆ.

ಸಂಜೆಯಾದರೆ ಊರಿನ ಬೀದಿಗಳಲ್ಲಿ ಗಾಡಿಗಳು ಬಂದು ನಿಲ್ಲುತ್ತವೆ. ಚುಲಿಯಾ ಬೀದಿ, ನ್ಯೂ ಲೇನ್, ಸಮುದ್ರದ ಪಕ್ಕದ ಗರ್ನಿ ಡ್ರೈವ್, ಎಲ್ಲಿ ನೋಡಿದರೂ ಒಲೆ, ಹೊಗೆ, ಜನ. ಪದ್ಧತಿ ಸರಳ. ಖಾಲಿ ಮೇಜು ಹಿಡಿದು ಅದರ ನಂಬರು ನೋಡಿಕೊಳ್ಳಬೇಕು. ಬೇಕಾದ ಗಾಡಿಗೆ ಹೋಗಿ ತಿನಿಸಿನ ಹೆಸರು, ಮೇಜಿನ ನಂಬರು ಹೇಳಿ ಬರಬೇಕು. ತಟ್ಟೆ ಮೇಜಿಗೆ ಬಂದಾಗ ಹಣ ಕೊಟ್ಟರಾಯಿತು. ಒಂದೊಂದು ಗಾಡಿಯವನು ಮಾಡುವುದು ಒಂದೇ ತಿನಿಸು. ಇಡೀ ಆಯುಷ್ಯ ಅದೊಂದನ್ನೇ ಮಾಡಿದವರೂ ಇದ್ದಾರೆ.

ಈ ಬೀದಿ ಊಟಕ್ಕೊಂದು ಹಿನ್ನೆಲೆಯಿದೆ. ಬಂದರು ಬೆಳೆದಾಗ ಚೀನಾದಿಂದಲೂ ತಮಿಳುನಾಡಿನಿಂದಲೂ ದುಡಿಯಲು ಬಂದವರಲ್ಲಿ ಹೆಚ್ಚಿನವರು ಒಂಟಿ ಗಂಡಸರು. ಊರಿನಲ್ಲಿ ಹೆಂಡತಿ, ಇಲ್ಲಿ ಮೂಟೆ. ಬೇಯಿಸಿ ಹಾಕುವವರಿಲ್ಲ. ಅವರ ಹೊಟ್ಟೆಗೆ ಆಸರೆಯಾದವರು ಬೀದಿಯಲ್ಲಿ ಹೊತ್ತು ಮಾರುವವರು. ಇಂದಿಗೂ ಪೆನಾಂಗಿನ ಹೆಸರಾದ ಊಟ ‘ನಾಸಿ ಕಂದರ್’. ನಾಸಿ ಎಂದರೆ ಅನ್ನ, ಕಂದರ್ ಎಂದರೆ ಹೆಗಲ ಮೇಲಿನ ಕಾವಡಿ. ತಮಿಳು ಮುಸಲ್ಮಾನ ವ್ಯಾಪಾರಿಗಳು ಕಾವಡಿಯ ಒಂದು ತುದಿಗೆ ಅನ್ನ, ಇನ್ನೊಂದು ತುದಿಗೆ ಸಾರು ತೂಗುಹಾಕಿಕೊಂಡು ತಿರುಗುತ್ತಿದ್ದ ಕಾಲದ ಹೆಸರು ಅದು. ಅಂದರೆ ಈ ಊರಿನ ರುಚಿ ಹುಟ್ಟಿದ್ದೇ ಒಂಟಿ ಹೊಟ್ಟೆಗಳಿಗಾಗಿ.

ಆದರೆ ನಮ್ಮ ಒಂಟಿ ಹೊಟ್ಟೆ ಮೊದಲೆರಡು ದಿನ ಬಗ್ಗಲಿಲ್ಲ. ‘ದೊಡ್ಡಮ್ಮ, ಏನು ತಿನ್ನುತ್ತೀರಿ?’ ಎಂದು ಮಗಳು ಕೇಳಿದರೆ, ‘ಏನಾದರೂ ಆದೀತು. ನೀವು ತಿನ್ನಿ, ಉಳಿದರೆ ನೋಡೋಣ.’ ಉಳಿಯುವುದೆಲ್ಲಿಂದ? ಇಲ್ಲಿ ತಟ್ಟೆ ಬರುವುದೇ ಒಬ್ಬರ ಅಳತೆಗೆ. ಕಾಫಿ ಅಂಗಡಿಯಲ್ಲಂತೂ ಬರೀ ಕಾಫಿ ಎಂದರೆ ನಡೆಯುವುದೇ ಇಲ್ಲ. ‘ಕೋಪಿ’ ಎಂದರೆ ಸಿಹಿಯಾದ ಗಟ್ಟಿ ಹಾಲು ಹಾಕಿದ್ದು, ‘ಕೋಪಿ ಓ’ ಎಂದರೆ ಹಾಲಿಲ್ಲದೆ ಸಕ್ಕರೆ ಹಾಕಿದ್ದು, ‘ಕೋಸೋಂಗ್’ ಎಂದರೆ ಸಕ್ಕರೆಯೂ ಇಲ್ಲ, ‘ಪಿಂಗ್’ ಎಂದರೆ ಮಂಜುಗಡ್ಡೆ ಹಾಕಿದ್ದು. ‘ನಿಮಗೆ ಯಾವುದು?’ ಎಂದು ಅಂಗಡಿಯಾತ ಅಕ್ಕನ ಮುಖವನ್ನೇ ನೋಡುತ್ತ ನಿಂತ. ಅವಳು ನನ್ನ ಮುಖ ನೋಡಿದಳು. ಅರ್ಧ ಶತಮಾನ ಊರಿಗೆಲ್ಲ ‘ನಿಮಗೇನು ಬೇಕು’ ಎಂದು ಕೇಳಿದವಳಿಗೆ ಆ ಪ್ರಶ್ನೆ ತನ್ನ ಕಡೆ ತಿರುಗಿದಾಗ ಉತ್ತರವೇ ಹೊಳೆಯಲಿಲ್ಲ.

ಮೂರನೆಯ ದಿನ ಮಗಳು ಮಲಯ್ ಮತ್ತು ಚೀನೀ ಭಾಷೆಯಲ್ಲಿ ಒಂದು ಚೀಟಿ ಬರೆಸಿ ಕೊಟ್ಟಳು: ಮಾಂಸ, ಮೀನು, ಮೊಟ್ಟೆ, ಸಿಗಡಿ ಬೇಡ. ಸಿಗಡಿಯ ಮಾತು ಮುಖ್ಯ. ಅಲ್ಲಿನ ಖಾರದ ಚಟ್ನಿಗಳಲ್ಲಿ ‘ಬೆಲಾಚನ್’ ಎಂಬ ಸಿಗಡಿಯ ಹಿಂಡಿ ಕಣ್ಣಿಗೆ ಬೀಳದಂತೆ ಸೇರಿರುತ್ತದೆ. ಆ ಚೀಟಿ ನಮ್ಮನ್ನು ಚೀನೀ ಸಸ್ಯಾಹಾರಿ ಅಂಗಡಿಯೊಂದಕ್ಕೆ ತಲುಪಿಸಿತು. ಬೌದ್ಧರಾದ ಅಲ್ಲಿನ ಚೀನೀಯರಲ್ಲಿ ಅನೇಕರು ಚಾಂದ್ರಮಾನ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನ ಮಾಂಸ ಮುಟ್ಟುವುದಿಲ್ಲ. ಅವರ ಸಂಪ್ರದಾಯದ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ‘ಹಾಗಾದರೆ ಇವರು ನಮ್ಮವರೇ’ ಎಂದು ಅಕ್ಕ ಸೆರಗು ಸರಿಮಾಡಿಕೊಂಡು ಧೈರ್ಯವಾಗಿ ಒಳನಡೆದಳು.

ಅಂಗಡಿಯ ಮುಂದೆ ಅರವತ್ತು ದಾಟಿದ ಒಬ್ಬಾತ ‘ಚಾರ್ ಕ್ವೇ ತಿಯೋ’ ಮಾಡುತ್ತಿದ್ದ. ಅಕ್ಕಿಹಿಟ್ಟಿನ ಅಗಲವಾದ ಶ್ಯಾವಿಗೆ, ಮೊಳಕೆ ಕಾಳು, ಸೋಯಾ ಸಾರ, ಖಾರ ಹಾಕಿ ದೊಡ್ಡ ಬಾಣಲೆಯಲ್ಲಿ ಉರಿಯ ಮೇಲೆ ಹುರಿಯುವ ತಿನಿಸು. ಬೇರೆ ಗಾಡಿಗಳಲ್ಲಿ ಅದಕ್ಕೆ ಹಂದಿಯ ಕೊಬ್ಬು, ಸಿಗಡಿ, ಚಿಪ್ಪುಮೀನು ಹಾಕುತ್ತಾರೆ. ಇಲ್ಲಿ ಅದರ ಬದಲು ತೋಫು. ಎಂಟು ಹತ್ತು ಜನ ಕಾಯುತ್ತಿದ್ದರು. ಆತ ಎಲ್ಲರದನ್ನೂ ಒಟ್ಟಿಗೆ ಹಾಕಿ ಹುರಿಯಬಹುದಿತ್ತು, ಬಾಣಲೆ ಅಷ್ಟು ದೊಡ್ಡದಿತ್ತು. ಹಾಗೆ ಮಾಡಲಿಲ್ಲ. ಒಂದು ಹಿಡಿ ಶ್ಯಾವಿಗೆ ಹಾಕಿದ, ಉರಿ ಏರಿಸಿದ, ನಾಲ್ಕು ಸಲ ಚಿಮ್ಮಿಸಿದ, ತಟ್ಟೆಗೆ ಸುರಿದ. ಬಾಣಲೆ ಉಜ್ಜಿದ. ಮತ್ತೆ ಮೊದಲಿನಿಂದ ಇನ್ನೊಂದು. ತುಂಬಿದ ಬಾಣಲೆಯಲ್ಲಿ ಶಾಖ ಇಳಿದು ಶ್ಯಾವಿಗೆ ಹುರಿಯುವ ಬದಲು ಬೆಂದು ಮುದ್ದೆಯಾಗುತ್ತದೆ, ಆ ಸುಟ್ಟ ಪರಿಮಳ ಬರುವುದಿಲ್ಲ ಎಂಬುದು ಅದರ ಗುಟ್ಟು.

ಅಕ್ಕ ಕೂರಲೇ ಇಲ್ಲ. ಅವನ ಎದುರು ನಿಂತು ಆರೇಳು ತಟ್ಟೆಗಳನ್ನು ನೋಡಿದಳು. ನಲವತ್ತು ಜನಕ್ಕೆ ಅಡುಗೆ ಮಾಡಿದವಳಿಗೆ ಮೊದಲು ತಮಾಷೆ ಎನ್ನಿಸಿತು. ‘ಹೀಗೆ ಮಾಡುತ್ತ ಕೂತರೆ ಬೆಳಗಾದೀತು’ ಎಂದಳು. ಆಮೇಲೆ ಸುಮ್ಮನಾದಳು. ತುಸು ಹೊತ್ತಿನ ಮೇಲೆ, ನನಗೆ ಹೇಳಿದಂತೆಯೂ ಅಲ್ಲ, ಹೇಳದಂತೆಯೂ ಅಲ್ಲ, ‘ಒಬ್ಬರಿಗಾಗಿಯೇ ಇಷ್ಟು ಉರಿ ಹಾಕುತ್ತಾನಲ್ಲ!’ ಎಂದಳು.

ಅವಳ ತಟ್ಟೆ ಬಂತು. ಕಡ್ಡಿ ಬದಿಗಿಟ್ಟು ಚಮಚದಲ್ಲಿ ತಿಂದಳು. ಪೂರ್ತಿ ತಿಂದಳು. ನಾನು ಬೇರೆಡೆ ನೋಡುತ್ತಿರುವವಳಂತೆ ನಟಿಸುತ್ತಿದ್ದೆ. ಎರಡು ವರ್ಷದಲ್ಲಿ ಅವಳು ಬಿಸಿಬಿಸಿಯಾಗಿ, ಬೇರೆಯವರಿಗೆ ಬಡಿಸುವ ಮೊದಲು, ಒಂದು ತಟ್ಟೆ ಮುಗಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಎರಡು ವರ್ಷವೇಕೆ, ಬಹುಶಃ ಅವಳ ಮದುವೆಯಾದಂದಿನಿಂದ.

ಆಮೇಲೆ ನಮ್ಮ ಊರು ಸುತ್ತಾಟಕ್ಕೆ ಬೇರೆಯೇ ಕಳೆ ಬಂತು. ಪಿಟ್ ಬೀದಿ ಎಂದು ಹಿಂದೆ ಕರೆಯುತ್ತಿದ್ದ ರಸ್ತೆಯಲ್ಲಿ ಒಂದು ಬೆಳಿಗ್ಗೆ ನಡೆದೆವು. 1818ರ ಸೇಂಟ್ ಜಾರ್ಜ್ ಚರ್ಚು, ಕರುಣೆಯ ದೇವತೆ ಕುವಾನ್ ಯಿನ್‌ಳ ಗುಡಿ, ಕಪಿತಾನ್ ಕೆಲಿಂಗ್ ಮಸೀದಿ, ಹಿಂಬದಿಯ ಬೀದಿಗೆ ಮುಖಮಾಡಿದ 1833ರ ಮಹಾಮಾರಿಯಮ್ಮನ ದೇವಸ್ಥಾನ, ಎಲ್ಲ ಸ್ವಲ್ಪ ದೂರದೊಳಗೇ ಇವೆ. ಕುವಾನ್ ಯಿನ್ ಗುಡಿಯ ಧೂಪದ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಅಕ್ಕ ಕೈಮುಗಿದಳು. ಏನು ಕೇಳಿಕೊಂಡಳೋ ನಾನು ವಿಚಾರಿಸಲಿಲ್ಲ. ಆರ್ಮೇನಿಯನ್ ಬೀದಿಯ ಗೋಡೆಯ ಮೇಲೆ 2012ರಲ್ಲಿ ಲಿಥುವೇನಿಯಾದ ಕಲಾವಿದ ಅರ್ನೆಸ್ಟ್ ಜಕಾರೆವಿಚ್ ಬರೆದ ಚಿತ್ರವಿದೆ. ಚಿತ್ರದ ಎರಡು ಮಕ್ಕಳು ಗೋಡೆಗೆ ಒರಗಿಸಿಟ್ಟ ನಿಜವಾದ ಸೈಕಲ್ಲಿನ ಮೇಲೆ ಕೂತಿದ್ದಾರೆ. ಅದರೊಡನೆ ಫೋಟೋ ತೆಗೆಸಿಕೊಳ್ಳಲು ಸರದಿ ಸಾಲು. ನಾವು ಸಾಲಿಗೆ ನಿಲ್ಲದೆ ಎದುರಿನ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವವರನ್ನು ನೋಡಿದೆವು. ಅದೂ ಒಂದು ಪ್ರೇಕ್ಷಣೀಯ ಸ್ಥಳವೇ.

1923ರಿಂದ ಹಳಿಯ ಮೇಲೆ ಓಡುವ ಗಾಡಿಯುಳ್ಳ ಪೆನಾಂಗ್ ಬೆಟ್ಟಕ್ಕೂ ಹೋದೆವು. ಮೇಲೆ ಮಂಜು ಮುಸುಕಿ ಏನೂ ಕಾಣಲಿಲ್ಲ. ‘ಇದನ್ನು ನೋಡಲು ಆಗುಂಬೆ ಸಾಕಿತ್ತು’ ಎಂದು ಅಕ್ಕ ನಕ್ಕಳು. ಮಂಜಿಗಿಂತ ಅವಳಿಗೆ ಹಿಡಿಸಿದ್ದು ಬೆಳಗಿನ ತಿಂಡಿ. ರೊಟ್ಟಿ ಚನಾಯ್ ಎಂಬ ಪದರು ಪದರಾದ ಪರೋಟಾವನ್ನು ಗಾಳಿಯಲ್ಲಿ ಬೀಸಿ ತೆಳುವಾಗಿಸುವುದು, ಚಹಾವನ್ನು ಒಂದು ಗಜ ಎತ್ತರದಿಂದ ಎಳೆದು ನೊರೆ ಬರಿಸುವುದು. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಮಲೇಷ್ಯಾದ ಬೆಳಗಿನ ತಿಂಡಿಯ ಸಂಸ್ಕೃತಿಯನ್ನೇ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಮಲಯ್, ಚೀನೀ, ತಮಿಳರು ಬೆಳಿಗ್ಗೆ ಒಂದೇ ಮೇಜಿನಲ್ಲಿ ತಮಗೆ ಬೇಕಾದ್ದನ್ನು ತಿನ್ನುವ ಆ ನೋಟವನ್ನು ನೋಡಿದರೆ, ಅದಕ್ಕೆ ಅರ್ಹವೇ ಎನ್ನಿಸುತ್ತದೆ. ಐದನೆಯ ದಿನದ ಹೊತ್ತಿಗೆ ಅಕ್ಕ ‘ಕೋಪಿ, ಕುರಾಂಗ್ ಮಾನಿಸ್’ ಎನ್ನಲು ಕಲಿತಿದ್ದಳು. ಸಿಹಿ ಕಡಿಮೆ ಎಂದರ್ಥ. ಅಂಗಡಿಯಾತ ತಲೆಯಾಡಿಸಿ ಹೋದಾಗ ಅವಳ ಮುಖದಲ್ಲಿ ಪರೀಕ್ಷೆ ಪಾಸಾದ ಹುಡುಗಿಯ ನಗೆ.

ಕೊನೆಯ ಸಂಜೆ ಗರ್ನಿ ಡ್ರೈವಿನಲ್ಲಿ ಮೇಜು ಹಿಡಿದು ಕೂತೆವು. ಮಗಳು ಇನ್ನೂ ಬಂದಿರಲಿಲ್ಲ. ‘ನಂಬರು ಎಷ್ಟು?’ ಎಂದು ಕೇಳಿದ ಅಕ್ಕ ನನ್ನ ಕೈಯಿಂದ ಹಣ ತೆಗೆದುಕೊಂಡು ಒಬ್ಬಳೇ ಎದ್ದು ಹೋದಳು. ದೂರದ ಗಾಡಿಯೊಂದರ ಮುಂದೆ ಬೆರಳು ತೋರಿಸುತ್ತ, ತಲೆಯಾಡಿಸುತ್ತ, ಏನೋ ವ್ಯವಹಾರ ನಡೆಸಿದಳು. ಕನ್ನಡದಲ್ಲೇ ಮಾತಾಡಿರಬೇಕು. ಸ್ವಲ್ಪ ಹೊತ್ತಿಗೆ ಮೇಜಿಗೆ ಒಂದು ಬಟ್ಟಲು ಚೆಂಡೋಲ್ ಬಂತು. ಹೆರೆದ ಮಂಜುಗಡ್ಡೆ, ತೆಂಗಿನ ಹಾಲು, ತಾಳೆಬೆಲ್ಲದ ಪಾಕ, ಕೆಂಪು ಕಾಳು, ನಡುವೆ ಕೇದಗೆಯ ಜಾತಿಯ ಪಾಂಡನ್ ಎಲೆಯ ಪರಿಮಳದ ಹಸಿರು ಶ್ಯಾವಿಗೆ. ನಮ್ಮೂರ ಕಾಯಿಹಾಲು ಶ್ಯಾವಿಗೆ ಹಿಮಾಲಯಕ್ಕೆ ಹೋಗಿ ಬಂದಂತೆ.

ಬಂದದ್ದು ಒಂದೇ ಬಟ್ಟಲು, ಒಂದೇ ಚಮಚ. ಅಕ್ಕ ಅದನ್ನು ತನ್ನ ಮುಂದೆ ಎಳೆದುಕೊಂಡಳು. ಸಮುದ್ರದ ಕಡೆ ನೋಡುತ್ತ, ಅವಸರವಿಲ್ಲದೆ, ಒಂದೊಂದೇ ಚಮಚ ತಿಂದಳು. ಅರ್ಧ ಮುಗಿದ ಮೇಲೆ ನಾನು ಅಲ್ಲಿರುವುದು ನೆನಪಾಯಿತೇನೋ.

‘ನಿನಗೂ ಬೇಕಿತ್ತಾ?’ ಎಂದಳು.

ಬೇಕಿತ್ತು. ಆದರೆ ಬೇಡ ಎಂದೆ.