ಸ್ಟ್ರಾಗೂ ಕೋರ್ಟಿನ ಮೆಟ್ಟಿಲು

ಪೋಲಿಯೊದಿಂದ ಶೇ. 90ರಷ್ಟು ಅಂಗವೈಕಲ್ಯವಿದ್ದ ಪ್ರೊ. ಜಿ.ಎನ್. ಸಾಯಿಬಾಬಾ 2024ರ ಅಕ್ಟೋಬರ್ 12ರಂದು ತೀರಿಕೊಂಡರು. ಖುಲಾಸೆಯಾಗಿ ನಾಗಪುರದ ಜೈಲಿನಿಂದ ಗಾಲಿಕುರ್ಚಿಯಲ್ಲಿ ಹೊರಬಂದು ಆಗಿನ್ನೂ ಏಳು ತಿಂಗಳು. ಆ ಸುದ್ದಿ ಫಾದರ್ ಸ್ಟ್ಯಾನ್ ಸ್ವಾಮಿಯವರ ನೆನಪನ್ನೂ ಕೆದಕಿತು. ಒಂದು ಕಾಲಕ್ಕೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟನ್ನು ಮುನ್ನಡೆಸಿದ್ದ ಅವರು, 83ರ ವಯಸ್ಸಿನಲ್ಲಿ ತಲೋಜಾ ಜೈಲು ಸೇರಿದರು. ಪಾರ್ಕಿನ್ಸನ್ ಕಾಯಿಲೆಯಿಂದ ನಡುಗುವ ಕೈಗೆ ಲೋಟ ನಿಲ್ಲುತ್ತಿರಲಿಲ್ಲ. 2020ರ ನವೆಂಬರ್ 6ರಂದು ಸ್ಟ್ರಾ, ಸಿಪ್ಪರ್ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಿದರು. ಅವರ ಪ್ರಕರಣದ ತನಿಖಾ ಸಂಸ್ಥೆ ಉತ್ತರಿಸಲು 20 ದಿನ ಕೇಳಿತು. ಕೊನೆಗೆ, ಅವು ನಮ್ಮ ಬಳಿ ಇಲ್ಲವೇ ಇಲ್ಲ ಎಂದಿತು. ಆಮೇಲೆ ಜೈಲಿನವರೇ ಸಿಪ್ಪರ್ ಕೊಟ್ಟರು. ಕಡತದಲ್ಲಿ ಅದು ಇತ್ಯರ್ಥವಾದ ಅರ್ಜಿ. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಆ 20 ದಿನ. 2021ರ ಜುಲೈ 5ರಂದು, ಬಂಧನದಲ್ಲಿದ್ದಾಗಲೇ, ಅವರು ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು.

ಹಿಂದೆ ಅಂಗವಿಕಲ ಕೈದಿಗಳಿಗೆಂದು ಕಾನೂನು ಇಲ್ಲದಿದ್ದರೂ ಕರುಣೆ ಇತ್ತು ಎನ್ನುವವರಿದ್ದಾರೆ. ಜೈಲಿನೊಳಗಿನ ಕರುಣೆ ಸುಳ್ಳಲ್ಲ: ಊಟಕ್ಕೆ, ಸ್ನಾನಕ್ಕೆ ಜೊತೆಯ ಕೈದಿಗಳೇ ನೆರವಾಗುತ್ತಿದ್ದುದನ್ನು ಸ್ಟ್ಯಾನ್ ಸ್ವಾಮಿ ಪತ್ರದಲ್ಲಿ ಪ್ರೀತಿಯಿಂದ ಬರೆದಿದ್ದಾರೆ. ಆದರೆ ಆ ಕೈದಿಗಳನ್ನು ಬೇರೆ ಬ್ಯಾರಕ್‌ಗೆ ಹಾಕಿದರೆ ಸ್ನಾನವೂ ನಿಂತೀತು. 1894ರ ಬಂದೀಖಾನೆ ಕಾಯ್ದೆಯ ಕಾಲದಿಂದ ಬಂದ ಈ ಉಪಕಾರದ ಪದ್ಧತಿಯನ್ನು ಚಿನ್ನದ ಕಾಲವೆಂದು ಕರೆಯಲಾಗದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಅಗತ್ಯಕ್ಕೆ ತಕ್ಕ ಅನುಕೂಲ ನಿರಾಕರಿಸುವುದೂ ತಾರತಮ್ಯವೇ ಎಂದಿತು. ಕೈದಿಗಳಿಗೆ ಇದು ಅನ್ವಯಿಸದು ಎಂದು ಅದರಲ್ಲೆಲ್ಲೂ ಇಲ್ಲ.

ಭದ್ರತೆಯ ಮಾತು ಬಂದೇ ಬರುತ್ತದೆ: ಊರುಗೋಲು ಆಯುಧವಾದೀತು, ಗಾಲಿಕುರ್ಚಿಯಲ್ಲಿ ಏನಾದರೂ ಬಚ್ಚಿಟ್ಟಾರು. ಹಾಗಿದ್ದರೆ ತಪಾಸಣೆ ಮಾಡಲಿ; ಕಸಿದುಕೊಳ್ಳುವುದು ತಪಾಸಣೆಯಲ್ಲ. ಅಪರಾಧಿಗೆ ಇಷ್ಟು ಉಪಚಾರವೇಕೆ ಎಂಬುದು ಇನ್ನೊಂದು ಆಕ್ಷೇಪ. ಸ್ಟ್ಯಾನ್ ಸ್ವಾಮಿ ವಿಚಾರಣಾಧೀನ ಕೈದಿ, ಸಾಯಿಬಾಬಾ ಕೊನೆಗೆ ನಿರ್ದೋಷಿ. ಅಪರಾಧಿಯೇ ಆಗಿದ್ದರೂ, ಕೋರ್ಟು ವಿಧಿಸುವುದು ಸೆರೆವಾಸವನ್ನು. ಶೌಚಾಲಯಕ್ಕೆ ತೆವಳಿಕೊಂಡು ಹೋಗುವ ಶಿಕ್ಷೆಯನ್ನಲ್ಲ. 2025ರ ಜುಲೈ 15ರಂದು, ಅಂಗವಿಕಲ ವಕೀಲರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಜೈಲುಗಳಿಗೆ ನಿರ್ದೇಶನ ಕೊಟ್ಟಿತು: ಒಳಬರುವಾಗಲೇ ಅಂಗವಿಕಲರನ್ನು ಗುರುತಿಸಿ, ರ‍್ಯಾಂಪ್, ಅವರು ಬಳಸಬಹುದಾದ ಶೌಚಾಲಯ, ಫಿಸಿಯೋಥೆರಪಿ ಒದಗಿಸಿ. ಕಾಯ್ದೆ ಬಂದು ಎಂಟು ವರ್ಷದ ಮೇಲೂ ಇದನ್ನು ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿಕೊಡಬೇಕಾಯಿತು. ಬದಲಾದದ್ದು ಕಾಯ್ದೆ ಪುಸ್ತಕ. ಜೈಲಿನ ಹೆಬ್ಬಾಗಿಲಲ್ಲಿ ಕುಳಿತವರು ಇನ್ನೂ ಹಳೆಯ ಪುಸ್ತಕವನ್ನೇ ಓದುತ್ತಿದ್ದಾರೆ.