ಬೇಡವೆನ್ನುವ ಹಕ್ಕು

ನಾಲ್ಕು ವರ್ಷಗಳಿಂದ ಶನಿವಾರದ ಅಪರಾಹ್ನಗಳಲ್ಲಿ ನಾನು ಬೆಂಗಳೂರಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ವಿದೂಷಕನಾಗಿ ಸೇವೆ ಸಲ್ಲಿಸುತ್ತಿದ್ದೇನೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ, ಮಕ್ಕಳನ್ನು ನಗಿಸಿದ್ದಕ್ಕಿಂತ ಅಳಿಸಿದ್ದೇ ಹೆಚ್ಚೆಂಬ ಕೀರ್ತಿಯೊಡನೆ ನಿವೃತ್ತನಾದವನು ಮೂಗಿಗೆ ಕೆಂಪು ಗುಂಡನ್ನು ಸಿಕ್ಕಿಸಿಕೊಂಡು ಹೊರಟಾಗ, ಮನೆಯವರು ಅದನ್ನು ಪ್ರಾಯಶ್ಚಿತ್ತವೆಂದೇ ಬಗೆದರು. ನಾನೂ ಅಲ್ಲಗಳೆಯಲಿಲ್ಲ.

ಈ ಕಾಯಕಕ್ಕೆ ಒಂದು ವ್ಯವಸ್ಥಿತ ರೂಪ ದೊರೆತದ್ದು 1986ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ಬಿಗ್ ಆಪಲ್ ಸರ್ಕಸ್ಸಿನ ಸ್ಥಾಪಕರಲ್ಲೊಬ್ಬರಾದ ಮೈಕೇಲ್ ಕ್ರಿಸ್ಟೆನ್‌ಸೆನ್, ತಮ್ಮ ಸೋದರನನ್ನು ಕ್ಯಾನ್ಸರಿನಿಂದ ಕಳೆದುಕೊಂಡ ತರುವಾಯ, ಮಕ್ಕಳ ಆಸ್ಪತ್ರೆಯೊಂದನ್ನು ಹುಸಿವೈದ್ಯನ ವೇಷದಲ್ಲಿ ಪ್ರವೇಶಿಸಿದರು. ಅವರ ಚಿಕಿತ್ಸೆಗಳಲ್ಲಿ ಪ್ರಸಿದ್ಧವಾದದ್ದು ಕೆಂಪು ಮೂಗಿನ ಕಸಿ. ಅಲ್ಲಿ ಪರಿಹಾಸಕ್ಕೆ ಗುರಿಯಾದವನು ರೋಗಿಯಲ್ಲ, ಬಿಳಿ ಕೋಟಿನ ಗಾಂಭೀರ್ಯ. ಅವರೊಡನೆ ದುಡಿದ ಕ್ಯಾರೊಲಿನ್ ಸೈಮಂಡ್ಸ್ 1991ರಲ್ಲಿ ಫ್ರಾನ್ಸಿನಲ್ಲಿಯೂ ಇಂಥದೇ ಸಂಸ್ಥೆಯೊಂದನ್ನು ಕಟ್ಟಿದರು. ಕರಾವಳಿಯಲ್ಲಿ ಹುಟ್ಟಿದ ನನಗೆ ಇದರ ಮರ್ಮ ಅಪರಿಚಿತವೆನಿಸಲಿಲ್ಲ. ಯಕ್ಷಗಾನದ ಹಾಸ್ಯಗಾರ ದೂತನಾಗಿಯೋ ಬಾಗಿಲು ಕಾಯುವವನಾಗಿಯೋ ರಾಜನೆದುರು ನಿಂತು, ಬರಿಯ ಆಡುಮಾತಿನಿಂದ ಕಿರೀಟದ ಗತ್ತನ್ನು ಇಳಿಸುವುದನ್ನು ಬಾಲ್ಯದಲ್ಲಿ ಎಷ್ಟು ರಾತ್ರಿ ಕಂಡಿಲ್ಲ! ಅವನು ಎಲ್ಲರಿಗಿಂತ ಕೆಳಗೆ ನಿಂತೇ ಅದನ್ನು ಸಾಧಿಸುತ್ತಾನೆ.

ಆಸ್ಪತ್ರೆಯ ವಿದೂಷಕನೂ ಹಾಗೆಯೇ ಮಗುವಿಗಿಂತ ದಡ್ಡನಾಗಿರಬೇಕು. ಸರ್ಕಸ್ಸಿನ ದಟ್ಟ ಬಣ್ಣ ಇಲ್ಲಿ ಸಲ್ಲದು. ಹತ್ತಿರದಿಂದ ಕಂಡ ಮಗು ಬೆದರುತ್ತದೆ. ಇಬ್ಬರು ಜೊತೆಯಾಗಿ ಹೋಗುವುದು ರೂಢಿ, ಏಕೆಂದರೆ ಆಗ ಮಗು ಏನೂ ಮಾಡದೆ ಬರಿದೆ ನೋಡುತ್ತಿರಬಹುದು. ಮೊದಲು ದಾದಿಯರ ಬಳಿ ವಿಚಾರಿಸಬೇಕು: ಯಾರು ಶಸ್ತ್ರಕ್ರಿಯೆಗಾಗಿ ಉಪವಾಸವಿದ್ದಾರೆ, ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಾಗಿರುವುದರಿಂದ ಯಾರನ್ನು ನಗಿಸಕೂಡದು, ಯಾರ ಮನೆಯವರು ಇಂದು ಕೆಟ್ಟ ಸುದ್ದಿ ಕೇಳಿದ್ದಾರೆ. ಹಾಸಿಗೆಯಿಂದ ಹಾಸಿಗೆಗೆ ಹೋಗುವಾಗ ಕೈ ತೊಳೆಯಬೇಕು. ಇಷ್ಟಾದ ಮೇಲೆ ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳಬೇಕು. ಆಸ್ಪತ್ರೆಯಲ್ಲಿ ಮಗುವಿನ ಅನುಮತಿಯನ್ನು ಯಾರೂ ಕೇಳುವುದಿಲ್ಲ. ಮಾತ್ರೆ ಬೇಡವೆನ್ನುವಂತಿಲ್ಲ, ಸೂಜಿ ಬೇಡವೆನ್ನುವಂತಿಲ್ಲ. ವಿದೂಷಕನನ್ನು ಮಾತ್ರ ಅದು ಹೊರಗೆ ಅಟ್ಟಬಹುದು.

ಇದನ್ನೆಲ್ಲ ತರಬೇತಿಯಲ್ಲಿ ಕಲಿತಿದ್ದೂ ನಾನು ಎಡವಿದೆ. ಆರು ವರ್ಷದ ಹುಡುಗನೊಬ್ಬನ ಕೈಗೆ ಡ್ರಿಪ್ಪಿನ ಸೂಜಿ ಹಾಕಬೇಕಾಗಿತ್ತು. ನನ್ನ ಸೋಪಿನ ಗುಳ್ಳೆಗಳಿಗೆ ಅವನು ಆಗಲೇ ನಕ್ಕಿದ್ದ; ಆ ನಗೆಯ ಅಮಲಿನಲ್ಲಿ, ಯಾರೂ ಕೇಳದಿದ್ದರೂ, "ಇರುವೆ ಕಚ್ಚಿದಷ್ಟೂ ನೋಯೋಲ್ಲ ಮಗು" ಎಂದುಬಿಟ್ಟೆ. ನರ ಸಿಕ್ಕಲಿಲ್ಲ. ಎರಡನೆಯ ಸಲವೂ ತಪ್ಪಿತು. ಹುಡುಗ ಅಳುತ್ತ ಸೂಜಿಯನ್ನೂ ನೋಡಲಿಲ್ಲ, ಸಿಸ್ಟರನ್ನೂ ನೋಡಲಿಲ್ಲ, ನನ್ನನ್ನು ನೋಡಿದ. ಸದುದ್ದೇಶದಿಂದ ಆಡಿದ ಸುಳ್ಳು ಎಂದು ಅಂದು ರಾತ್ರಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಆ ಸುಳ್ಳಿನಿಂದ ಹಗುರವಾದದ್ದು ನನ್ನ ಕಸಿವಿಸಿಯೇ ಹೊರತು ಅವನ ನೋವಲ್ಲ ಎಂಬುದು ನಿದ್ದೆ ಬರುವ ಮುನ್ನವೇ ಸ್ಪಷ್ಟವಾಗಿತ್ತು.

ಮುಂದಿನ ಶನಿವಾರ ಬಾಗಿಲಲ್ಲಿ ನಿಂತು ಕೇಳಿದೆ. "ಬೇಡ" ಎಂದು ಗೋಡೆಯತ್ತ ಹೊರಳಿದ. ಅವನ ತಾಯಿ ಸಂಕೋಚದಿಂದ, "ಬನ್ನಿ ಸಾರ್, ಅವನು ಹಾಗೇ" ಎಂದರು. ಕೈಮುಗಿದು ಹಿಂದಿರುಗಿದೆ, ತಾಯಿ ಕರೆದರೆಂದು ಒಳಹೊಕ್ಕಿದ್ದರೆ ಅದು ಎರಡನೆಯ ಅಪರಾಧವಾಗುತ್ತಿತ್ತು. ಅದರ ಮುಂದಿನ ವಾರವೂ "ಬೇಡ" ಎಂದ, ಆದರೆ ಈ ಸಲ ನಮ್ಮನ್ನೇ ನೋಡುತ್ತ ಹೇಳಿದ. ಹಿಂದೆ ಸರಿಯುವ ಅವಸರದಲ್ಲಿ ನಾನೂ ಜೊತೆಗಾರನೂ ಬಾಗಿಲಿನಲ್ಲಿ ಸಿಕ್ಕಿಕೊಂಡೆವು. ನಮ್ಮನ್ನು ಬಿಡಿಸಲು ಅವನು "ಬನ್ನಿ" ಎನ್ನಬೇಕಾಯಿತು, ಆಮೇಲೆ "ಹೋಗಿ", ಮತ್ತೆ "ಬನ್ನಿ". ಹೀಗೆ ಹದಿನೈದು ನಿಮಿಷ ಆ ಬಾಗಿಲಿಗೆ ಅವನೇ ಒಡೆಯ.

ಬಳಿಕ ಮೆಲ್ಲನೆ ಕೇಳಿದ: "ತಾತ, ಇವತ್ತು ಸೂಜಿ ಇದೆಯಾ?" ವಿಚಾರಿಸಿ ಬಂದು ಇದೆ ಎಂದೆ. "ನೋಯುತ್ತಾ?"

"ನೋಯುತ್ತೆ."

ಸ್ವಲ್ಪ ಯೋಚಿಸಿ, "ಹಾಗಾದ್ರೆ ನೀನು ಕಿರುಚು" ಎಂದ.

ಇಟಲಿಯ ಫ್ಲಾರೆನ್ಸಿನಲ್ಲಿ 40 ಮಕ್ಕಳ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಶಸ್ತ್ರಕ್ರಿಯೆಗೆ ಮುನ್ನ ವಿದೂಷಕರು ಜೊತೆಗಿದ್ದ ಮಕ್ಕಳಲ್ಲಿ ಆತಂಕ ಕಡಿಮೆಯಿತ್ತೆಂದು ತೋರಿಸಿತು. ಆದರೂ ಅಲ್ಲಿಯ ಸಿಬ್ಬಂದಿಯಲ್ಲಿ ಹೆಚ್ಚಿನವರು, ತಮ್ಮ ಕೆಲಸಕ್ಕೆ ಅಡ್ಡಿಯಾಗುತ್ತದೆಂದು, ಆ ಕಾರ್ಯಕ್ರಮ ಮುಂದುವರಿಯುವುದನ್ನು ಒಪ್ಪಲಿಲ್ಲ. ಆ ಸಿಬ್ಬಂದಿಯ ಕಷ್ಟ ನನಗೆ ಅಂದು ಅರ್ಥವಾಯಿತು. ಸೂಜಿ ಚುಚ್ಚಿದಾಗ ಹುಡುಗ ನನ್ನ ಬೆರಳನ್ನು ಹಿಂಡಿದ, ಕಣ್ಣಲ್ಲಿ ನೀರು ಇಳಿಯಿತು, ಕಿರುಚಿದವನು ನಾನು. ಪಕ್ಕದ ವಾರ್ಡಿನಿಂದ ಹಿರಿಯ ಸಿಸ್ಟರ್ ಧಾವಿಸಿ ಬಂದು, ಇದೇನು ಆಸ್ಪತ್ರೆಯೋ ಸಂತೆಯೋ ಎಂದು ಎಲ್ಲರ ಮುಂದೆ ಚೆನ್ನಾಗಿ ಬೈದರು. ನಾನು ತಲೆ ತಗ್ಗಿಸಿ ನಿಂತೆ. ಹುಡುಗ ಒದ್ದೆ ಕಣ್ಣುಗಳನ್ನು ಅರಳಿಸಿ, ಒಂದು ಮಾತೂ ತಪ್ಪದಂತೆ ಆಲಿಸುತ್ತಿದ್ದ.